‘ಅವರು ಬರಂಗಿಲ್ರೀ’ ಎಂಬ ಸುಳ್ಳು

ಈ ದೇಶದ ದವಾಖಾನೆಗಳಲ್ಲಿ ಒಂದು ಮಂತ್ರ ಚಾಲ್ತಿಯಲ್ಲಿದೆ: ‘ಅವರು ಬರಂಗಿಲ್ರೀ.’

ಕೇರಿಯಲ್ಲಿ ಕೂಸು ಸತ್ತರೆ, ‘ಅವರು ಬರಂಗಿಲ್ರೀ, ನಾವೇನು ಮಾಡೂಣು?’ ತಾಂಡಾದಲ್ಲಿ ಬಾಣಂತಿ ಸತ್ತರೆ, ‘ಅವರು ಬರಂಗಿಲ್ರೀ, ದೇವರು ದಿಂಡರು ಅಂತ ಕುಂತಿರ್ತಾರ.’ ನಿರಾಶ್ರಿತರ ಕ್ಯಾಂಪಿನಲ್ಲಿ ಜ್ವರ ಹಬ್ಬಿದರೆ, ‘ಅವರು ಬರಂಗಿಲ್ರೀ, ಆರ್.ಎಂ.ಪಿ. ಹತ್ರ ಸೂಜಿ ಮಾಡಿಸ್ಕೊಂಡು ಕಡೀ ಗಳಿಗಿಗೆ ಬರ್ತಾರ.’ ಹೇಳುವವರ ಕುರ್ಚಿ ಬೇರೆ ಬೇರೆ, ಮಾತು ಒಂದೇ. ಇದೇ ಮಾತಿಗೆ ಕೋಟು ತೊಡಿಸಿ ವಿಚಾರ ಸಂಕಿರಣದ ವೇದಿಕೆ ಹತ್ತಿಸಿದರೆ ‘ಆರೋಗ್ಯ ಪ್ರಜ್ಞೆಯ ಅಭಾವ’ ಅಂತ ನಾಮಕರಣ ಆಗುತ್ತದೆ.

ಇದು ಸುಳ್ಳು. ಅನುಕೂಲಕ್ಕೆಂದು ಕಟ್ಟಿಕೊಂಡ ಸುಳ್ಳು. ಸತ್ತವರ ತಲೆಯ ಮೇಲೇ ಸಾವಿನ ಹೊಣೆ ಹೊರಿಸಿ ಕೈ ತೊಳೆದುಕೊಳ್ಳುವ ಸುಳ್ಳು. ಒಂದೇ ಒಂದು ಜನದ ಎಪ್ಪತ್ತೈದು ವರ್ಷದ ಚರಿತ್ರೆ ಮುಂದಿಟ್ಟು ಇದನ್ನು ತೋರಿಸುತ್ತೇನೆ.

ಆ ಜನ ದೂರದವರಲ್ಲ. ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲಿ ಆರ್.ಎಚ್. ಕ್ಯಾಂಪುಗಳಿವೆ. ಆರ್.ಎಚ್. ಅಂದರೆ ರೀಹ್ಯಾಬಿಲಿಟೇಶನ್, ಪುನರ್ವಸತಿ. ಪೂರ್ವ ಪಾಕಿಸ್ತಾನದಿಂದ ಜೀವ ಹಿಡಿದುಕೊಂಡು ಬಂದ ಬಂಗಾಳಿಗಳನ್ನು ಸರ್ಕಾರ ಅಲ್ಲಿ ತಂದು ಇಳಿಸಿ ಅರ್ಧ ಶತಮಾನ ಕಳೆಯಿತು. ಅಲ್ಲೇ ಹುಟ್ಟಿದವರು ಅಲ್ಲೇ ಮುದುಕರಾಗುತ್ತಿದ್ದಾರೆ. ಊರಿನ ಹೆಸರು ಮಾತ್ರ ಇವತ್ತಿಗೂ ‘ಕ್ಯಾಂಪು’, ಅದರ ಮುಂದೊಂದು ನಂಬರು. ಅವರಲ್ಲಿ ಬಹಳ ಮಂದಿ ನಾಮಶೂದ್ರರು.

ನಾಮಶೂದ್ರರು ಯಾರು? ನಮ್ಮವರು. ಮೇಲ್ಜಾತಿ ಬಂಗಾಳ ಅವರಿಗೆ ಇಟ್ಟಿದ್ದ ಹೆಸರು ‘ಚಂಡಾಲ’. ಆ ಬೈಗುಳವನ್ನು ಸರ್ಕಾರಿ ಪುಸ್ತಕದಿಂದ ಅಳಿಸಲು ಅವರು ದಶಕಗಟ್ಟಲೆ ಹೋರಾಡಬೇಕಾಯಿತು. 1911ರ ಜನಗಣತಿಯಲ್ಲಿ ‘ನಾಮಶೂದ್ರ’ ಎಂದು ಬರೆಸಿಕೊಂಡರು. 1946ರಲ್ಲಿ ಬಾಬಾಸಾಹೇಬರಿಗೆ ಬೊಂಬಾಯಿ ಪ್ರಾಂತ್ಯದಿಂದ ಸಂವಿಧಾನ ಸಭೆಗೆ ಹೋಗುವ ದಾರಿ ಮುಚ್ಚಿದ್ದಾಗ, ಬಂಗಾಳದಿಂದ ಆರಿಸಿ ಕಳಿಸಲು ದುಡಿದವರು ಜೋಗೇಂದ್ರನಾಥ ಮಂಡಲ್ ಮತ್ತು ಅವರ ಸಂಗಾತಿಗಳು. ಮಂಡಲ್ ನಾಮಶೂದ್ರರು. ಸಂವಿಧಾನವನ್ನು ಎದೆಗೊತ್ತಿಕೊಂಡು ಮೆರವಣಿಗೆ ಹೋಗುವ ನಾವೆಲ್ಲ ಆ ಜನಕ್ಕೆ ಋಣಿಗಳು. ಮರೆತಿದ್ದೀವಿ, ಅಷ್ಟೆ.

ಮರು ವರ್ಷವೇ ದೇಶ ಸೀಳಿತು. ಅವರು ಉಳುತ್ತಿದ್ದ ಗದ್ದೆ, ಮೀನು ಹಿಡಿಯುತ್ತಿದ್ದ ಹೊಳೆ ಪಾಕಿಸ್ತಾನದ ಪಾಲಾಯಿತು. ಮಂಡಲ್ ಆ ದೇಶದ ಮೊದಲ ಕಾನೂನು ಮಂತ್ರಿಯಾದರು. 1950ರಲ್ಲಿ ರಾಜೀನಾಮೆ ಕೊಟ್ಟು ಕಲ್ಕತ್ತೆಗೆ ಬಂದರು. ಮಂತ್ರಿಯೇ ಬದುಕಲಾರದ ಕಡೆ ಕೂಲಿಯವನು ಹೇಗೆ ಬದುಕಾನು?

*

ಗಡಿ ದಾಟಿದ ಸರದಿಯಲ್ಲೂ ಜಾತಿ ಇತ್ತು. ಕಲ್ಕತ್ತೆಯಲ್ಲಿ ನೆಂಟರಿದ್ದವರು, ಓದಿದ್ದವರು, ನೌಕರಿ ಇದ್ದವರು ಮೊದಲು ಬಂದರು. ನಗರದ ಸುತ್ತ ಖಾಲಿ ಜಾಗ ಹಿಡಿದು ಕಾಲೊನಿ ಕಟ್ಟಿದರು. ಅವರ ಪಾಡೂ ಹೂವಿನ ಹಾಸಿಗೆಯಲ್ಲ, ಒಪ್ಪುತ್ತೇನೆ. ಆದರೆ ಅರ್ಜಿ ಬರೆಯುವ ಕೈ ಅವರ ಮನೆಯಲ್ಲೇ ಇತ್ತು. ಹೊಲವನ್ನೇ ನಂಬಿದ್ದ ನಾಮಶೂದ್ರರು ತಡೆದು ತಡೆದು, 1950ರ ಗಲಭೆಯಾದ ಮೇಲೆ, 1964ರ ಗಲಭೆಯಾದ ಮೇಲೆ ಬಂದರು. ಅವರಿಗೆ ಸಿಕ್ಕಿದ್ದು ಸಿಯಾಲ್‌ದಾ ಸ್ಟೇಷನ್ನಿನ ಪ್ಲಾಟ್‌ಫಾರಂ. ಅಲ್ಲಿಂದ ಲಾರಿ. ಲಾರಿ ಇಳಿದರೆ ಕ್ಯಾಂಪು.

ಆ ಪ್ಲಾಟ್‌ಫಾರಂ ಮೇಲೆ ಸರ್ಕಾರ ಅವರನ್ನು ಎದುರುಗೊಂಡದ್ದು ಕಾಲರಾ ಸೂಜಿಯಿಂದ. ಒಳ್ಳೇದೇ, ಸೂಜಿ ಬೇಕಿತ್ತು. ಆದರೆ ಅನ್ನಕ್ಕಿಂತ ಮೊದಲು, ಸೂರಿಗಿಂತ ಮೊದಲು ಸೂಜಿಯೇ ಯಾಕೆ ಬಂತು ಅಂತ ಕೇಳಬೇಕು. ಕಾಲರಾ ಪ್ಲಾಟ್‌ಫಾರಂ ಮೇಲೆ ಕೂತಿರುವುದಿಲ್ಲ, ಟ್ರಾಮ್ ಹತ್ತಿ ಭದ್ರಲೋಕದ ಅಡುಗೆಮನೆಗೂ ಹೋಗುತ್ತದೆ. ಆ ಸೂಜಿ ಚುಚ್ಚಿದ್ದು ನಿರಾಶ್ರಿತನ ತೋಳಿಗೆ, ಕಾಯ್ದದ್ದು ನಗರವನ್ನು. ಹಸಿವಿನಿಂದ ಬರುವ ರೋಗ ಅಂಟುಜಾಡ್ಯವಲ್ಲ ನೋಡಿ, ಅದು ಟ್ರಾಮ್ ಹತ್ತುವುದಿಲ್ಲ. ಹಾಗಾಗಿ ಅದಕ್ಕೆ ಸೂಜಿಯೂ ಇಲ್ಲ, ಸಾಲೂ ಇಲ್ಲ. ರಕ್ತವಿಲ್ಲದ ಬಸುರಿ, ಎದೆಹಾಲು ಬತ್ತಿದ ತಾಯಿ, ಹೊಟ್ಟೆ ಊದಿ ಕೈಕಾಲು ಕಡ್ಡಿಯಾದ ಕೂಸು, ಇವರಿಂದ ನಗರಕ್ಕೆ ಅಪಾಯವಿರಲಿಲ್ಲ.

ಕ್ಯಾಂಪಿನಲ್ಲಿ ಬದುಕು ‘ಡೋಲ್’ ಮೇಲೆ ನಿಂತಿತ್ತು. ತಲೆಗಿಷ್ಟು ಅಂತ ಲೆಕ್ಕ ಹಾಕಿ ಕೊಡುವ ಕಾಸು ಕಾಳಿಗೆ ಆ ಹೆಸರು. ಪಟ್ಟಿಯಲ್ಲಿ ಹೆಸರಿದ್ದರೆ ಗಂಜಿ. ಹೆಸರು ಹೊಡೆದರೆ ಗಂಜಿಯೂ ಹೋಯಿತು. ಅಂಥವನು ಕ್ಯಾಂಪು ಬಿಟ್ಟು ದೂರದ ಆಸ್ಪತ್ರೆಗೆ ಹೋಗಿ ಎಂಟು ದಿನ ಮಲಗುವುದು ಹೇಗೆ? ಹೋದರೆ ಮಕ್ಕಳ ಪಾಲಿನ ಕಾಳು ಯಾರು ಈಸಿಕೊಳ್ಳಬೇಕು? ಅವನು ಬೇರು ಅರೆದು ಕುಡಿದ, ತಾಯತ ಕಟ್ಟಿಸಿಕೊಂಡ. ಹೊರಗೆ ನಿಂತವರು ‘ಮೂಢನಂಬಿಕೆ’ ಅಂದರು. ನಂಬಿಕೆಗೂ ಮೊದಲು ಅಲ್ಲೊಂದು ಲೆಕ್ಕವಿತ್ತು. ಬಡವನ ಲೆಕ್ಕ ಪಂಡಿತರಿಗೆ ಕಾಣಲಿಲ್ಲ.

ಆ ಕ್ಯಾಂಪುಗಳನ್ನು ಒಳಗಿನಿಂದ ಬರೆದವರು ಮನೋರಂಜನ ಬ್ಯಾಪಾರಿ. ನಾಮಶೂದ್ರರು. ಬಂಕುರಾ ಜಿಲ್ಲೆಯ ಶಿರೋಮಣಿಪುರ ಕ್ಯಾಂಪಿನಲ್ಲಿ ಬೆಳೆದವರು, ಶಾಲೆಯ ಮುಖ ಕಾಣದವರು, ಜೈಲಿನಲ್ಲಿ ಅಕ್ಷರ ಕಲಿತವರು, ರಿಕ್ಷಾ ಎಳೆಯುತ್ತಲೇ ಲೇಖಕರಾದವರು. ಅವರ ಆತ್ಮಕಥೆಯ ಹೆಸರಿನಲ್ಲೇ ‘ಚಂಡಾಲ ಜೀವನ’ ಎಂಬ ಮಾತಿದೆ. ನಮ್ಮ ಪಂಡಿತ ವಿಮರ್ಶಕರು ಬಂಗಾಳಿ ಸಾಹಿತ್ಯ ಅಂದರೆ ಕೆಲವೇ ಹೆಸರು ಜಪ ಮಾಡುತ್ತಾರೆ. ಆ ಜಪಮಾಲೆಯಲ್ಲಿ ಈ ಮಣಿ ಇಲ್ಲ.

*

‘ಅವರು ಬರಂಗಿಲ್ಲ’ ಅನ್ನುವವರಿಗೆ 1971 ತೋರಿಸಬೇಕು. ಬಾಂಗ್ಲಾ ಯುದ್ಧದ ಆ ವರ್ಷ ಸುಮಾರು ಒಂದು ಕೋಟಿ ಜನ ಗಡಿ ದಾಟಿದರು. ಅವರ ಹೆಸರಿನಲ್ಲಿ ಅಂಚೆಯ ಕಾಗದಗಳಿಗೆ ಐದು ಪೈಸೆಯ ನಿರಾಶ್ರಿತರ ಪರಿಹಾರದ ಚೀಟಿ ಅಂಟಿಸಬೇಕಾಗಿತ್ತು. ಆಗಿನ್ನೂ ಮೈಸೂರು ರಾಜ್ಯ ಅನ್ನಿಸಿಕೊಳ್ಳುತ್ತಿದ್ದ ನಮ್ಮ ನಾಡಿನ ಹಳ್ಳಿಗಳೂ ಆ ಐದು ಪೈಸೆ ಕೊಟ್ಟಿವೆ. ಆ ಒಂದು ಕೋಟಿಯಲ್ಲಿ ಬಹುಪಾಲು ಜನ 1972ರಲ್ಲಿ ತಿರುಗಿ ಹೋದರು. ಇಲ್ಲಿದ್ದ ತಿಂಗಳುಗಳಲ್ಲಿ ಕಾಲರಾ ಅವರನ್ನು ಹುಲ್ಲಿನಂತೆ ಕೊಯ್ದಿತು.

ಗಡಿಯ ಹತ್ತಿರದ ಬೋನಗಾಂವ್ ಆಸ್ಪತ್ರೆ. ರೋಗಿಗಳು ಬರಲಿಲ್ಲವೆ? ಬಂದರು ಸ್ವಾಮಿ, ಬಂದರು! ಹೆಗಲ ಮೇಲೆ ಹೊತ್ತು, ಬಿದಿರಿಗೆ ಬಟ್ಟೆ ಕಟ್ಟಿ ತೂಗಿಕೊಂಡು ತಂದರು. ಎರಡು ಕೋಣೆಯ ನೆಲದ ಮೇಲೆ ವಾಂತಿ ಭೇದಿಯ ನಡುವೆ ಜನ ಮಲಗಿದ್ದರು. ರಕ್ತನಾಳಕ್ಕೆ ಹಾಕುವ ಸಲಾಯಿನ್ ಬಾಟ್ಲಿ ಸಾಲಲಿಲ್ಲ. ಬಾಟ್ಲಿ ಹಾಕುವ ಕೈಗಳೂ ಸಾಲಲಿಲ್ಲ. ಆಗ ಕಲ್ಕತ್ತೆಯಿಂದ ಹೋಗಿದ್ದ ಡಾಕ್ಟರ್ ದಿಲೀಪ್ ಮಹಾಲನಬಿಸ್ ಒಂದು ಕೆಲಸ ಮಾಡಿದರು. ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಈ ಲೆಕ್ಕದಲ್ಲಿ ಪುಡಿ ಕಟ್ಟಿಸಿ, ಡ್ರಮ್ಮಿನಲ್ಲಿ ಕಲಸಿ, ಡ್ರಮ್ಮಿಗೆ ನಲ್ಲಿ ಕೂರಿಸಿ, ಲೋಟ ತಂದು ರೋಗಿಯ ತಾಯಿ ಕೈಗೆ, ತಂಗಿ ಕೈಗೆ, ಗಂಡನ ಕೈಗೆ ಕೊಟ್ಟರು. ‘ಕುಡಿಸ್ತಾ ಇರಿ’ ಅಂದರು.

ಕುಡಿಸಿದರು. ನೂರಕ್ಕೆ ಮೂವತ್ತರವರೆಗೆ ಇದ್ದ ಸಾವು ನೂರಕ್ಕೆ 3.6ಕ್ಕೆ ಇಳಿಯಿತು.

ಓದು ಬರಹ ಬಾರದವರ ಕೈಗೆ ಔಷಧ ಕೊಡುವುದೇ ಅಂತ ಅನುಮಾನಪಟ್ಟ ತಜ್ಞರು ಆಗಲೂ ಇದ್ದರು. 1978ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಇದೇ ನೀರನ್ನು ಈ ಶತಮಾನದ ಅತಿ ದೊಡ್ಡ ವೈದ್ಯಕೀಯ ಮುನ್ನಡೆ ಆಗಬಹುದಾದದ್ದು ಅಂತ ಕರೆಯಿತು. ಇವತ್ತು ಆಶಾ ಕಾರ್ಯಕರ್ತೆ ನಮ್ಮ ಮನೆಗಳಿಗೆ ತಂದು ಕೊಡುವ ಓ.ಆರ್.ಎಸ್. ಪೊಟ್ಟಣ ಇದೇ ಸಂತತಿಯದು. ಮಹಾಲನಬಿಸ್ 2022ರಲ್ಲಿ ತೀರಿಕೊಂಡರು. ಮರು ವರ್ಷ ಸರ್ಕಾರ ಪದ್ಮವಿಭೂಷಣ ಕೊಟ್ಟಿತು. ಬದುಕಿದ್ದಾಗ ಕೊಡಲಾಗದ್ದನ್ನು ಸತ್ತ ಮೇಲೆ ಕೊಡುವುದು ನಮ್ಮ ಸರ್ಕಾರಗಳ ಸಂಪ್ರದಾಯ.

ಬೋನಗಾಂವ್ ಹೇಳುವ ಪಾಠ ಸರಳವಾಗಿದೆ. ಔಷಧ ಕಪಾಟಿನಿಂದ ಇಳಿದು ಜನರ ಕೈಗೆ ಬಂದಾಗ, ಏನು ಮಾಡಬೇಕು ಅಂತ ಅವರ ಭಾಷೆಯಲ್ಲಿ ಹೇಳಿದಾಗ, ಯಾವ ಕಾರ್ಡೂ ಕೇಳದೆ ಇದ್ದಾಗ, ಅನಕ್ಷರಸ್ಥ ತಾಯಿ ಡಾಕ್ಟರು ಮಾಡುವ ಕೆಲಸವನ್ನೇ ಮಾಡಿದಳು. ಈ ಪಾಠವನ್ನು ಜಗತ್ತು ಕಲಿಯಿತು. ನಮ್ಮ ವ್ಯವಸ್ಥೆ ಪೊಟ್ಟಣವನ್ನು ಇಟ್ಟುಕೊಂಡು ಪಾಠವನ್ನು ಮರೆಯಿತು.

*

ಇಷ್ಟು ಹೊತ್ತು ಹೇಳಿದ್ದು ನೆಲೆ ಸಿಗುವ ಮೊದಲಿನ ಕಥೆ. ನೆಲೆ ಸಿಕ್ಕ ಮೇಲೆ? ಅದನ್ನು ನೋಡಲು ಹದಿಮೂರು ವರ್ಷ ಹಿಂದಕ್ಕೆ ಹೋಗಬೇಕು.

1958ರಲ್ಲಿ ಕೇಂದ್ರ ಸರ್ಕಾರ ದಂಡಕಾರಣ್ಯ ಯೋಜನೆ ಶುರು ಮಾಡಿತು. ಒರಿಸ್ಸಾದ ಕೋರಾಪುಟ್, ಮಧ್ಯಪ್ರದೇಶದ ಬಸ್ತರ್, ಆ ಕಡೆಯ ಕಾಡು ಕಡಿದು ನಿರಾಶ್ರಿತರನ್ನು ನೆಲೆಗೊಳಿಸುವುದು. ಹೋಗಲ್ಲ ಅಂದವರ ಡೋಲ್ ನಿಲ್ಲಿಸಿದರು. ರಾಮ ವನವಾಸಕ್ಕೆ ಹೋದ ಕಾಡು ಅಂತ ಪುರಾಣ ಹೇಳುತ್ತದೆ. ರಾಮನಿಗೆ ಹದಿನಾಲ್ಕು ವರ್ಷದ ವಾಯಿದೆ ಇತ್ತು, ತಿರುಗಿ ಹೋಗಲು ಅಯೋಧ್ಯೆ ಇತ್ತು. ಇವರಿಗೆ ಎರಡೂ ಇರಲಿಲ್ಲ.

ನೀರಿನ ನಾಡಿನ ಜನ ಅವರು. ನೀರಿಲ್ಲದ ಕೆಂಪು ಗೊರಚಲು ನೆಲಕ್ಕೆ ಬಂದರು. ಮಲೇರಿಯಾದ ತವರಿಗೆ ಬಂದರು. ಆ ನೆಲ ಖಾಲಿಯೂ ಇರಲಿಲ್ಲ, ಆದಿವಾಸಿಗಳ ಕಾಡು ಅದು. ಒಬ್ಬ ಬಡವನ ಎದೆ ಮೇಲೆ ಇನ್ನೊಬ್ಬ ಬಡವನ ಗುಡಿಸಲು ಕಟ್ಟಿ ಅದಕ್ಕೆ ಪುನರ್ವಸತಿ ಅಂತ ಹೆಸರಿಟ್ಟರು. ಆ ಪ್ರಾಧಿಕಾರದ ಅಧ್ಯಕ್ಷರಾಗಿದ್ದ ಶೈವಾಲ್ ಕುಮಾರ್ ಗುಪ್ತ, ದೊಡ್ಡ ಐ.ಸಿ.ಎಸ್. ಅಧಿಕಾರಿ, 1964ರಲ್ಲಿ ರಾಜೀನಾಮೆ ಬಿಸಾಕಿ ಹೊರಬಂದರು. ಈ ಭೂಮಿಯಲ್ಲಿ ಜನ ಬದುಕುವುದು ಹೇಗೆ ಅಂತ ಮರು ವರ್ಷ ಬಹಿರಂಗವಾಗಿ ಬರೆದರು. ಅಧ್ಯಕ್ಷನ ಮಾತನ್ನೇ ಕೇಳದವರು ಜ್ವರದಲ್ಲಿ ನಡುಗುವವನ ಮಾತು ಕೇಳಿಯಾರೆ? ಆ ಕಾಡುನಾಡಿನ ದವಾಖಾನೆಯ ಬಡತನ ಇವತ್ತಿಗೂ ಮುಗಿದಿಲ್ಲ. 2016ರಲ್ಲಿ ಇದೇ ಸೀಮೆಯ ಮಲ್ಕನಗಿರಿಯಲ್ಲಿ ಮಿದುಳು ಜ್ವರಕ್ಕೆ ನೂರರಷ್ಟು ಮಕ್ಕಳು ಸತ್ತವು. ಬಹುಪಾಲು ಆದಿವಾಸಿ ಮಕ್ಕಳು. ಹೊರಗಿನಿಂದ ಬಂದವನಿಗೂ ಡಾಕ್ಟರಿಲ್ಲ, ಒಳಗೇ ಇದ್ದವನಿಗೂ ಇಲ್ಲ. ಈ ವಿಷಯದಲ್ಲಿ ಮಾತ್ರ ಸರ್ಕಾರ ಸಮಾನತೆ ತಂದಿದೆ.

1978ರಲ್ಲಿ ದಂಡಕಾರಣ್ಯದಿಂದ ಜನ ಗುಂಪು ಗುಂಪಾಗಿ ಎದ್ದು ಬಂಗಾಳದ ಕಡೆ ನಡೆದರು. ಅಲ್ಲಿ ಎಡರಂಗದ ಸರ್ಕಾರ ಬಂದಿತ್ತು. ವಿರೋಧ ಪಕ್ಷದಲ್ಲಿದ್ದಾಗ ‘ನಿರಾಶ್ರಿತರಿಗೆ ಬಂಗಾಳದಲ್ಲೇ ಜಾಗ ಕೊಡಿ’ ಅಂತ ಕೂಗಿದ್ದವರೇ ಅವರು. ಬಹಳ ಜನರನ್ನು ಹಿಡಿದು ವಾಪಸು ಅಟ್ಟಿದರು. ಸುಮಾರು ಮೂವತ್ತು ಸಾವಿರ ಮಂದಿ ತಪ್ಪಿಸಿಕೊಂಡು ಸುಂದರಬನದ ಮರಿಚ್‌ಝಾಂಪಿ ಎಂಬ ದ್ವೀಪ ಸೇರಿದರು.

ಗೆಳೆಯರೆ, ಇಲ್ಲಿ ಸ್ವಲ್ಪ ನಿಂತು ನೋಡಿ. ಆರೋಗ್ಯ ಪ್ರಜ್ಞೆ ಇಲ್ಲ ಅನ್ನಿಸಿಕೊಂಡ ಈ ಜನ ಆ ಕೆಸರು ದ್ವೀಪದಲ್ಲಿ ಏನು ಕಟ್ಟಿದರು? ಶಾಲೆ ಕಟ್ಟಿದರು, ಮೀನುಗಾರಿಕೆ ಕಟ್ಟಿದರು, ಉಪ್ಪಿನ ಮಡಿ ಮಾಡಿದರು. ಒಂದು ಆರೋಗ್ಯ ಕೇಂದ್ರವನ್ನೂ ಕಟ್ಟಿದರು. ಸರ್ಕಾರದ ಒಂದು ಕಾಸಿಲ್ಲದೆ, ಒಂದು ಶಿಲಾನ್ಯಾಸವಿಲ್ಲದೆ, ಮಂತ್ರಿಯ ಕತ್ತರಿ ರಿಬ್ಬನ್ನು ಇಲ್ಲದೆ ಕಟ್ಟಿದರು!

ಸರ್ಕಾರ ಏನು ಮಾಡಿತು? ಇದು ಮೀಸಲು ಅರಣ್ಯ, ಹುಲಿಯ ಜಾಗ ಅಂದಿತು. 1979ರ ಜನವರಿಯಲ್ಲಿ 144ನೇ ಕಲಂ ಹಾಕಿ ಪೊಲೀಸ್ ಲಾಂಚುಗಳಿಂದ ದ್ವೀಪವನ್ನು ಸುತ್ತುಗಟ್ಟಿತು. ಅಕ್ಕಿ ನಿಂತಿತು, ಕುಡಿಯುವ ನೀರು ನಿಂತಿತು, ಔಷಧ ನಿಂತಿತು. ಸುತ್ತ ಉಪ್ಪು ನೀರು, ನಡುವೆ ಬಾಯಾರಿದ ಕೂಸುಗಳು. ಜನ ಸಿಕ್ಕಿದ ಸೊಪ್ಪು ತಿಂದರು, ಕೆಟ್ಟ ನೀರು ಕುಡಿದರು, ಭೇದಿಯಿಂದ ಸತ್ತರು. ಜನವರಿ 31ರಂದು ಗುಂಡು ಹಾರಿತು. ಮೇ ತಿಂಗಳಲ್ಲಿ ಗುಡಿಸಲುಗಳನ್ನು ಸುಟ್ಟು, ಉಳಿದವರನ್ನು ಲಾಂಚಿಗೆ ತುಂಬಿ ತಿರುಗಿ ದಂಡಕಾರಣ್ಯದ ದಾರಿ ಹಿಡಿಸಿದರು. ಸತ್ತವರೆಷ್ಟು ಅಂತ ಸರ್ಕಾರ ಹೇಳಿದ ಲೆಕ್ಕವನ್ನು ಬದುಕಿ ಬಂದವರು ಇವತ್ತಿಗೂ ಒಪ್ಪಿಲ್ಲ.

ಎಂಟು ವರ್ಷದ ಹಿಂದೆ ಇದೇ ಬಂಗಾಳದಲ್ಲಿ ಉಪ್ಪು ಸಕ್ಕರೆಯ ನೀರು ಸಾವಿರಾರು ಜನರನ್ನು ಉಳಿಸಿತ್ತು. ಎಂಟು ವರ್ಷ ಕಳೆದ ಮೇಲೆ ಅದೇ ಭಾಷೆ ಆಡುವ ಜನಕ್ಕೆ ಬರೀ ನೀರನ್ನೂ ಮುಟ್ಟಗೊಡಲಿಲ್ಲ. 1971ರಲ್ಲಿ ಜಗತ್ತಿನ ಕ್ಯಾಮೆರಾ ಅವರ ಕಡೆ ತಿರುಗಿತ್ತು. 1979ರಲ್ಲಿ ಪತ್ರಕರ್ತರಿಗೂ ದ್ವೀಪದ ದಾರಿ ಮುಚ್ಚಿತ್ತು. ನೀರು ಮುಟ್ಟಗೊಡದಿರುವುದು ಈ ದೇಶಕ್ಕೆ ಹೊಸದೇನಲ್ಲ. ಚೌಡಾರ್ ಕೆರೆಯ ಏರಿಯ ಮೇಲೆ ನಿಂತವರಿಗೆ ಇದು ಗೊತ್ತು.

ಈಗ ಹೇಳಿ. ಯಾರು ಬರಂಗಿಲ್ಲ?

*

ಸಿಂಧನೂರಿಗೆ ಬರೋಣ.

ತುಂಗಭದ್ರೆಯ ಕಾಲುವೆ ಬಂದ ಮೇಲೆ ಆ ಸೀಮೆಯಲ್ಲಿ ಎರಡು ಥರದ ಕ್ಯಾಂಪು ಆದವು. ಒಂದು, ಆಂಧ್ರದಿಂದ ದುಡ್ಡು ತಂದು ಭೂಮಿ ಕೊಂಡು ಭತ್ತ ಬೆಳೆದವರ ಕ್ಯಾಂಪು. ಇನ್ನೊಂದು, ಸರ್ಕಾರ ಲಾರಿಯಿಂದ ಇಳಿಸಿದವರ ಕ್ಯಾಂಪು. ಹೆಸರು ಒಂದೇ, ಹಣೆಬರಹ ಬೇರೆ. ಮೊದಲಿನ ಕ್ಯಾಂಪಿನವನಿಗೆ ಎದೆನೋವು ಬಂದರೆ ಕಾರು ಬಳ್ಳಾರಿಗೋ ಹೈದರಾಬಾದಿಗೋ ಓಡುತ್ತದೆ. ಎರಡನೇ ಕ್ಯಾಂಪಿನ ಕೂಲಿಯವಳು ನೆಲ್ಲು ಹಚ್ಚುವ ಕಾಲದಲ್ಲಿ ಒಂದು ದಿನ ದವಾಖಾನೆಗೆ ಹೋದರೆ ಆ ದಿನದ ಕೂಲಿ ಹೋಯಿತು. ಆಟೋಗೆ ಕೊಡಬೇಕು. ಹೊರಗಿನ ಅಂಗಡಿಗೆ ಬರೆದುಕೊಟ್ಟ ಗುಳಿಗಿ ಕೊಳ್ಳಬೇಕು. ಹತ್ತಿರದ ಆರ್.ಎಂ.ಪಿ. ರಾತ್ರಿಯೂ ಬಾಗಿಲು ತೆಗೆಯುತ್ತಾನೆ, ಉದ್ರಿ ಬರೆದುಕೊಳ್ಳುತ್ತಾನೆ, ‘ಏನವ್ವಾ’ ಅನ್ನುತ್ತಾನೆ. ಅವನ ಸೂಜಿಯಲ್ಲಿ ಏನಿದೆಯೋ ದೇವರಿಗೇ ಗೊತ್ತು. ಅವನನ್ನು ನಾನು ಹೊಗಳುತ್ತಿಲ್ಲ. ಆದರೆ ಉದ್ರಿ, ಹತ್ತಿರ, ಮರ್ಯಾದೆ, ಈ ಮೂರನ್ನು ಅವನು ಕೊಟ್ಟ ಕಡೆ ಸರ್ಕಾರ ಒಂದನ್ನೂ ಕೊಟ್ಟಿಲ್ಲ.

ಇದಕ್ಕೆ ಕಾಗದದ ಬೇಲಿ ಬೇರೆ. ನಾಮಶೂದ್ರರು ಪಶ್ಚಿಮ ಬಂಗಾಳದಲ್ಲಿ ಪರಿಶಿಷ್ಟ ಜಾತಿ. ಕರ್ನಾಟಕದ 101 ಜಾತಿಗಳ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಸಂವಿಧಾನದ 341ನೇ ವಿಧಿಯ ಪ್ರಕಾರ ಪಟ್ಟಿ ರಾಜ್ಯಕ್ಕೊಂದು. ಬಂಗಾಳದಲ್ಲೇ ನಿಂತಿದ್ದರೆ ದಲಿತ. ಸರ್ಕಾರವೇ ರೈಲು ಹತ್ತಿಸಿ ಇಲ್ಲಿಗೆ ತಂದು ಬಿಟ್ಟರೆ ದಲಿತನಲ್ಲ! ಮುಟ್ಟಿಸಿಕೊಳ್ಳದವರ ಕಣ್ಣಿಗೆ ಅವನು ಎಲ್ಲಿದ್ದರೂ ಅವನೇ. ಕಾಗದದ ಕಣ್ಣಿಗೆ ಮಾತ್ರ ಗಡಿ ದಾಟಿದ ಕೂಡಲೆ ಜಾತಿ ಮಾಯ. ಹಾಗಾಗಿ ಪರಿಶಿಷ್ಟರಿಗೆ ಅಂತ ಇರುವ ಹಾಸ್ಟೆಲ್ಲು, ವಿದ್ಯಾರ್ಥಿವೇತನ, ಮೆಡಿಕಲ್ ಸೀಟು ಯಾವುದೂ ಕ್ಯಾಂಪಿನ ಮಕ್ಕಳಿಗಿಲ್ಲ. ಅಲ್ಲಿಂದ ಒಬ್ಬ ಡಾಕ್ಟರು, ಒಬ್ಬ ನರ್ಸಮ್ಮ ಹುಟ್ಟಿ ಬರುವ ದಾರಿಯನ್ನು ಹೀಗೆ ಕಿರಿದು ಮಾಡಿ ‘ಅವರ ಭಾಷೆ ನಮಗ ತಿಳಿಯಂಗಿಲ್ರೀ’ ಅಂತ ಹೇಳುವುದು ಎಂಥ ನ್ಯಾಯ?

2018ರಲ್ಲಿ ‘ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ’ ಬಂತು. ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ, ಕಾರ್ಡು ಇಲ್ಲದವರಿಗೆ ಖರ್ಚಿನಲ್ಲಿ ನೂರಕ್ಕೆ ಮೂವತ್ತು ಪಾಲು ಮಾತ್ರ. ಒಳ್ಳೆ ಯೋಜನೆ, ಕೆಟ್ಟದು ಅನ್ನಲ್ಲ. ಆದರೆ ಇದರ ಬೀಗ ರೇಷನ್ ಕಾರ್ಡಿನಲ್ಲಿದೆ, ಆಧಾರಿನಲ್ಲಿದೆ. ಯಾವ ಊರಿನವನು, ಅಪ್ಪ ಎಲ್ಲಿ ಹುಟ್ಟಿದ ಅಂತ ಕೇಳಿದರೆ ತಲೆತಲಾಂತರದಿಂದ ತಡವರಿಸುತ್ತ ಬಂದವನಿಗೆ ಬೀಗ ಸಲೀಸಾಗಿ ತೆರೆಯುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಗಾದೆಯ ಪೂಜಾರಿ ಈಗ ಕಂಪ್ಯೂಟರ್ ಮುಂದೆ ಕೂತಿದ್ದಾನೆ.

ಇದು ನಿರಾಶ್ರಿತರಿಗೆ ಮಾತ್ರ ಅಂದುಕೊಳ್ಳಬೇಡಿ. ನಮ್ಮವ್ವನಿಗೆ ಕೆಮ್ಮು ಹತ್ತಿತ್ತು. ಒಂದು ಸರ್ಕಾರಿ ದವಾಖಾನೆಗೆ ಹೋದಳು. ಮೊದಲ ಸಲ ಡಾಕ್ಟರಿರಲಿಲ್ಲ. ಎರಡನೇ ಸಲ ಎಕ್ಸ್‌ರೇ ಮಷೀನು ಕೆಟ್ಟಿತ್ತು. ಮೂರನೇ ಸಲ ಆಧಾರಿನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು ಹೆಸರು. ನಾಲ್ಕನೇ ಸಲ ನಾನೂ ಹೋದೆ, ನಮ್ಮ ಮನೆತನದಲ್ಲೇ ಮೊದಲ ಬಿ.ಎ. ಡಾಕ್ಟರು ಮುಖ ಎತ್ತದೆ ಬೈದರು: ‘ಇಷ್ಟು ದಿನ ಎಲ್ಲಿ ಸತ್ತಿದ್ರಿ?’ ನಾನು ಹಿಂದಿನ ಮೂರು ಚೀಟಿ ಮೇಜಿನ ಮೇಲಿಟ್ಟೆ. ಅವರು ಅವನ್ನು ಬದಿಗೆ ಸರಿಸಿ ಬರೆದರು: ‘ರೋಗಿ ತಡವಾಗಿ ಬಂದಿದ್ದಾರೆ.’ ನಾಲ್ಕು ದಿನದ ಕೂಲಿ ಕಳಕೊಂಡು ನಾಲ್ಕು ಸಲ ಬಾಗಿಲು ಬಡಿದವಳು ಸರ್ಕಾರದ ಪುಸ್ತಕದಲ್ಲಿ ತಡವಾಗಿ ಬಂದವಳು! ‘ಅವರು ಬರಂಗಿಲ್ಲ’ ಅನ್ನುವ ಅಂಕಿಅಂಶ ಹುಟ್ಟುವುದು ಹೀಗೆ.

*

ಇದೇ ಕರ್ನಾಟಕದಲ್ಲಿ ಇನ್ನೊಂದು ನಿರಾಶ್ರಿತರ ಕಥೆಯೂ ಇದೆ. 1960ರಲ್ಲಿ ಬೈಲಕುಪ್ಪೆಗೆ, 1966ರಲ್ಲಿ ಮುಂಡಗೋಡಿಗೆ ಟಿಬೆಟಿಯನ್ನರು ಬಂದರು. ಹಿಮದ ನಾಡಿನವರಿಗೆ ನಮ್ಮ ಬಿಸಿಲು ತಡೆಯಲಿಲ್ಲ. ಕಾಡು ಕಡಿಯುತ್ತ ಬಹಳ ಜನ ಸತ್ತರು. ಕ್ಷಯ ಅವರನ್ನು ಇವತ್ತಿಗೂ ಪೂರಾ ಬಿಟ್ಟಿಲ್ಲ. ಆದರೆ ಅವರ ವಸತಿಗಳಲ್ಲಿ ಅವರದೇ ಆಸ್ಪತ್ರೆಗಳಿವೆ, ಅವರ ಭಾಷೆ ಆಡುವ ನರ್ಸುಗಳಿದ್ದಾರೆ. ಇಂಗ್ಲಿಷ್ ಔಷಧದ ಜೊತೆಗೆ ಅವರ ಸ್ವಂತ ವೈದ್ಯವೂ ಇದೆ. ಧರ್ಮಶಾಲೆಯ ಅವರ ಆಡಳಿತದಲ್ಲಿ 1981ರಿಂದ ಆರೋಗ್ಯಕ್ಕೇ ಒಂದು ಇಲಾಖೆ ಇದೆ. ಹೊರದೇಶದ ದುಡ್ಡು ಬಂತು ನಿಜ, ಜಗತ್ತಿನ ಕಣ್ಣು ಅವರ ಮೇಲಿತ್ತು ನಿಜ. ಅವರಿಗೆ ಸಿಕ್ಕಿದ್ದು ಸರಿಯಾಗಿಯೇ ಸಿಕ್ಕಿತು, ಹೊಟ್ಟೆಕಿಚ್ಚಿಲ್ಲ. ಆದರೆ ನಿರಾಶ್ರಿತರು ದವಾಖಾನೆಗೆ ಬರಂಗಿಲ್ಲ ಅನ್ನುವ ಮಾತಿಗೆ ಅವರೇ ಉತ್ತರ. ಔಷಧದ ಮೇಲೆ ಜನರ ಅಧಿಕಾರವಿರುವ ಕಡೆ ಜನ ತಾವಾಗಿ ಬರುತ್ತಾರೆ.

ಇನ್ನು ನಮ್ಮವರ ಆಕ್ಷೇಪ. ‘ಮೊದಲು ನಮ್ಮ ಕೇರಿಗೆ ಡಾಕ್ಟರು ಬರಲಿ, ಆಮೇಲೆ ಬಂಗಾಳಿಗಳ ಮಾತು’ ಅನ್ನುವ ಸಂಗಾತಿಗಳಿದ್ದಾರೆ. ಒಳಮೀಸಲಾತಿಗೆ ದಶಕಗಟ್ಟಲೆ ಬೀದಿಯಲ್ಲಿ ನಿಂತ ನಮ್ಮ ಜನಕ್ಕೆ, ಪಟ್ಟಿಗೆ ಇನ್ನೊಂದು ಹೆಸರು ಅಂದರೆ ತಟ್ಟೆಯ ತುತ್ತು ಕಿತ್ತ ಹಾಗಾಗುತ್ತದೆ. ಆ ಸಂಕಟ ನನಗೆ ತಿಳಿಯುತ್ತದೆ, ನನ್ನ ಓದೂ ಅದೇ ತುತ್ತಿನಿಂದ ಆದದ್ದು. ಆದರೂ ಕೇಳುತ್ತೇನೆ. ತಟ್ಟೆ ಚಿಕ್ಕದು ಮಾಡಿದವರು ಯಾರು? ರಾಯಚೂರಿಗೆ ಏಮ್ಸ್ ಬೇಕು ಅಂತ 2022ರ ಮೇ ತಿಂಗಳಿಂದ ಜನ ಧರಣಿ ಕೂತರು. ದಿನಗಳ ಎಣಿಕೆ ಸಾವಿರ ದಾಟಿತು. ಆ ಆಸ್ಪತ್ರೆ ಬಾರದೆ ಇರುವುದಕ್ಕೆ ಕ್ಯಾಂಪಿನ ಬಂಗಾಳಿ ಕಾರಣವೆ? ಕೇರಿಯ ಪಿ.ಎಚ್.ಸಿ.ಯಲ್ಲಿ ಡಾಕ್ಟರಿಲ್ಲದ ಖಾಲಿ ಕುರ್ಚಿಯ ಮೇಲೆ ನಿರಾಶ್ರಿತ ಬಂದು ಕೂತಿದ್ದಾನೆಯೆ? ಊರಿನವರು ನಮ್ಮನ್ನು ಊರ ಹೊರಗೆ ಇಟ್ಟರು. ನಾವು ನಮಗಿಂತ ಹೊರಗೆ ಇನ್ನೊಂದು ಗೆರೆ ಎಳೆದರೆ ಮನು ಗೋರಿಯಲ್ಲೇ ನಗುತ್ತಾನೆ.

ಇನ್ನೊಂದು ಆಕ್ಷೇಪ ದೆಹಲಿಯಿಂದ ಬರುತ್ತದೆ. ‘ಪೌರತ್ವ ಕೊಡ್ತೀವಿ, ಎಲ್ಲ ಸರಿಹೋಗುತ್ತೆ.’ 2019ರ ಪೌರತ್ವ ತಿದ್ದುಪಡಿ ಕಾಯ್ದೆಗೆ 2024ರಲ್ಲಿ ನಿಯಮ ಬಂತು. ಅದು ಮನುಷ್ಯನಿಗೆ ಕೇಳುವ ಪ್ರಶ್ನೆಗಳಲ್ಲಿ ಧರ್ಮವೂ ಒಂದು. ಕಾಲರಾ ಧರ್ಮ ಕೇಳಿ ಬರುವುದಿಲ್ಲ, ಆದ್ದರಿಂದ ಔಷಧವೂ ಕೇಳಬಾರದು. ಈ ದೇಶ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆ ಅಂತ ಒಂದು ಕಾನೂನೂ ಇಲ್ಲ. ಯಾರಿಗೆ ಏನು ಸಿಗಬೇಕು ಅನ್ನುವುದು ಆಯಾ ಕಾಲದ ಯಜಮಾನರ ಮರ್ಜಿ. ಮರ್ಜಿ ಇದ್ದರೆ ಬೋನಗಾಂವ್, ಇಲ್ಲದಿದ್ದರೆ ಮರಿಚ್‌ಝಾಂಪಿ.

ಭಿಕ್ಷೆಯನ್ನು ಯಾರೂ ಕೇಳುತ್ತಿಲ್ಲ. ವರ್ಷಕ್ಕೊಮ್ಮೆ ಬ್ಯಾನರ್ ಕಟ್ಟಿ, ಬಾಳೆಹಣ್ಣು ಹಂಚಿ, ಫೋಟೋ ಹೊಡೆಸಿಕೊಂಡು ಹೋಗುವ ಆರೋಗ್ಯ ಶಿಬಿರವೂ ಬೇಡ. ಕ್ಯಾಂಪಿನ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು, ಅವರ ಭಾಷೆಯಲ್ಲೇ ರೋಗ ಕೇಳುವ ಕೆಲಸಕ್ಕೆ ಸಂಬಳ ಕೊಟ್ಟು ಇಡಿ. ಕೂಲಿ ಮುಗಿಸಿ ಬಂದವರಿಗೆ ಸಂಜೆ ಹೊತ್ತು ದವಾಖಾನೆ ತೆರೆದಿರಲಿ. ನಾಡಿ ಹಿಡಿಯುವ ಮೊದಲು ಕಾರ್ಡು ಕೇಳುವುದು ನಿಲ್ಲಲಿ. ನಾಮಶೂದ್ರರ ಹೆಸರು ಕರ್ನಾಟಕದ ಪಟ್ಟಿಗೆ ಸೇರಲಿ, ಅದಕ್ಕೆ ತಕ್ಕಂತೆ ಪಾಲೂ ಹಿಗ್ಗಲಿ. ಐವತ್ತು ವರ್ಷ ಬೆವರು ಬಸಿದ ನೆಲಕ್ಕೆ ಕ್ಯಾಂಪು ಅನ್ನದೆ ಊರು ಅನ್ನಿ. ಈ ಮಾತುಗಳನ್ನು ಅವರು ಒಬ್ಬರೇ ಕೇಳಿದರೆ ಸರ್ಕಾರಕ್ಕೆ ಕಿವಿ ಕೇಳಿಸುವುದಿಲ್ಲ. ಕೇರಿ, ತಾಂಡಾ, ಕ್ಯಾಂಪು ಒಂದೇ ಗಂಟಲಿನಿಂದ ಕೇಳಬೇಕು.

ಸಿಯಾಲ್‌ದಾದಿಂದ ಸಿಂಧನೂರಿನವರೆಗೆ ಅವರು ದವಾಖಾನೆ ಹುಡುಕಿಕೊಂಡು ಬಂದರು. ಸಿಗದ ಕಡೆ ತಾವೇ ಕಟ್ಟಿದರು. ಕಟ್ಟಿದ್ದನ್ನು ಸರ್ಕಾರ ಕೆಡವಿತು.

ಬಾರದೆ ಉಳಿದದ್ದು ಡಾಕ್ಟರು. ಮುಂದಿನ ಸಲ ಯಾರಾದರೂ ‘ಅವರು ಬರಂಗಿಲ್ರೀ’ ಅಂದರೆ, ಸಂಗಾತಿಗಳೆ, ಸುಮ್ಮನಿರಬೇಡಿ. ಹಾಜರಿ ಪುಸ್ತಕ ತೆಗೆಸಿ. ಯಾರು ಬಂದಿಲ್ಲ ಅಂತ ಅವರ ಎದುರಿಗೇ ಓದಿ ಹೇಳಿ.